ಬಿರಾದಾರರ ಎರಡು ನಿಮಿಷ

ಕನ್ನಡ ಸಿನಿಮಾಕ್ಕೆ ಒಬ್ಬ ಭಿಕ್ಷುಕ ಬೇಕಾದರೆ ಯಾರಿಗೆ ಫೋನ್ ಹೋಗುತ್ತಿತ್ತು ಹೇಳಿ ನೋಡೋಣ? ಹೆಸರು ತಟ್ಟನೆ ನೆನಪಾಗದಿದ್ದರೂ ಮುಖ ನೆನಪಾಗಿರುತ್ತೆ. ಸಣಕಲು ದೇಹ, ಹರಕು ಬಟ್ಟೆ, ಕೈಯಲ್ಲೊಂದು ತಟ್ಟೆ ಅಥವಾ ಬಾಟಲಿ. ಹೀರೋ ಕಡೆಯವರು ಏನೋ ಕೇಳುತ್ತಾರೆ, ಈತ ಏನೋ ಹೇಳುತ್ತಾನೆ, ಟಾಕೀಸು ನಗುತ್ತೆ, ದೃಶ್ಯ ಮುಗಿಯಿತು. ಹೆಚ್ಚೆಂದರೆ ಎರಡು ನಿಮಿಷ. ಅವರು ವೈಜನಾಥ ಬಿರಾದಾರ್. ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕು, ತೇಗಂಪುರದವರು. ಇಂಥ ಎರಡೆರಡು ನಿಮಿಷಗಳನ್ನೇ ಸೇರಿಸಿಕೊಂಡು ಐದುನೂರರ ಹತ್ತಿರ ಸಿನಿಮಾ ಮಾಡಿದವರು.

ನಮ್ಮ ಹಾಸ್ಯನಟರ ಬಗ್ಗೆ ಬರೆಯುವವರೆಲ್ಲ ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶ್ ಅಂತ ಶುರು ಮಾಡುತ್ತಾರೆ. ಮಾಡಲೇಬೇಕು ಬಿಡಿ. ಆದರೆ ಒಮ್ಮೆ ಮ್ಯಾಪ್ ಇಟ್ಟುಕೊಂಡು ನೋಡಿ. ನರಸಿಂಹರಾಜು ತಿಪಟೂರು, ಬಾಲಕೃಷ್ಣ ಅರಸೀಕೆರೆ, ದ್ವಾರಕೀಶ್ ಹುಣಸೂರು. ಎಲ್ಲ ಹಳೇ ಮೈಸೂರು. ಅದರಲ್ಲಿ ಯಾರ ಕುತಂತ್ರವೂ ಇಲ್ಲ, ಇತಿಹಾಸವೇ ಹಾಗಿತ್ತು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಆಗ ಸೇಡಂ, ಚಿತ್ತಾಪುರ, ಚಿಂಚೋಳಿ, ಭಾಲ್ಕಿ ಎಲ್ಲ ನಿಜಾಮನ ರಾಜ್ಯದಲ್ಲಿದ್ದವು. ಕಚೇರಿ ಉರ್ದು, ಶಾಲೆ ಉರ್ದು, ಕನ್ನಡ ಮನೆ ಮತ್ತು ಹೊಲದ ಮಾತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಮೈಸೂರು ರಾಜ್ಯಕ್ಕೆ ನಾವು ಸೇರಿದ್ದು 1956ರ ನವೆಂಬರ್ 1ಕ್ಕೆ. ಅಷ್ಟರಲ್ಲಿ 'ಬೇಡರ ಕಣ್ಣಪ್ಪ' (1954) ಬಂದು ಎರಡು ವರ್ಷವಾಗಿತ್ತು, ರಾಜ್‌ಕುಮಾರ್ ಹೀರೋ ಆಗಿದ್ದರು, ನರಸಿಂಹರಾಜು ಮನೆಮಾತಾಗುತ್ತಿದ್ದರು. ಸಿನಿಮಾದ ಕನ್ನಡ ಹೇಗಿರಬೇಕು ಅನ್ನುವುದು ನಾವು ಬರುವ ಮೊದಲೇ ತೀರ್ಮಾನವಾಗಿತ್ತು ಅನ್ನಿ.

ಹಾಗಾಗಿ ನಮ್ಮ ಕನ್ನಡ ಸಿನಿಮಾದೊಳಗೆ ಬಂದದ್ದು ಹಿತ್ತಿಲ ಬಾಗಿಲಿಂದ. ಹೀರೋ ಆಡುವ ಮಾತಾಗಿ ಅಲ್ಲ, ನಗಿಸುವ ಮಾತಾಗಿ.

ನಾನು ಚಂದ್ರಂಪಳ್ಳಿ ಕಡೆಯವನು. ಡ್ಯಾಮು ದಾಟಿ ಸ್ವಲ್ಪ ದೂರ ಹೋದರೆ ತೆಲಂಗಾಣ ಬಂದೇ ಬಿಡುತ್ತೆ. ಸಂತೆಯಲ್ಲಿ ತೆಲುಗು, ಬಸ್ ಸ್ಟ್ಯಾಂಡಿನಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಇನ್ನು ತಾಂಡಾಗಳಲ್ಲಿ ಲಂಬಾಣಿ. ನಮ್ಮ ಒಂದು ವಾಕ್ಯದಲ್ಲಿ ಮೂರು ಭಾಷೆ ಇದ್ದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. "ಜಲ್ದಿ ಬಾರೋ, ಖಾಲಿಪೀಲಿ ಯಾಕ ಪರೇಶಾನ್ ಆಗ್ಲತ್ತಿ" ಅಂದರೆ ಇಲ್ಲಿ ಅದು ಶುದ್ಧ ಕನ್ನಡವೇ. ಇದೇ ಮಾತು ಬೆಂಗಳೂರಿನ ಟಾಕೀಸಿನಲ್ಲಿ ಕೇಳಿಸಿದರೆ ಜೋಕು ಬರುವ ಮೊದಲೇ ನಗು ಬರುತ್ತೆ. ನಮ್ಮೂರ ಟಾಕೀಸಿನಲ್ಲೂ ನಾವು ನಗುತ್ತಿದ್ದೆವು, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮದು ಬೇರೆ ನಗು. "ಅರೇ, ಇವ ನಮ್ಮವ!" ಅನ್ನುವ ನಗು.

ತಮಾಷೆ ಏನೆಂದರೆ, ಭಾಷೆ ಊರಿಂದೂರಿಗೆ ಬೇರೆಯಾಗುತ್ತೆ ಅಂತ ಕನ್ನಡದಲ್ಲಿ ಮೊದಲು ಬರೆದಿಟ್ಟವರು ಇಲ್ಲಿಯವರೇ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಡದ ಆ ಊರು, ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ 9ನೇ ಶತಮಾನದಲ್ಲಿ ಬರೆದ 'ಕವಿರಾಜಮಾರ್ಗ'ದಲ್ಲಿ ಒಂದು ಮಾತಿದೆ. ಕನ್ನಡಗಳು ಒಂದೆರಡಲ್ಲ, ದೇಸಿ ಬೇರೆ ಬೇರೆಯಾಗಿರುವುದರಿಂದ ಇದು ತಪ್ಪು ಇದು ಸರಿ ಅಂತ ವಿಂಗಡಿಸಲು ಹೋದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಅನ್ನುವ ಅರ್ಥದ್ದು. ಸಾವಿರ ವರ್ಷದ ಮೇಲೆ ನಮ್ಮ ಸಿನಿಮಾ ಸಂಭಾಷಣಕಾರರಿಗೆ ಆ ಬೇಸರ ಬರಲೇ ಇಲ್ಲ ನೋಡಿ, ಆರಾಮಾಗಿ ವಿಂಗಡಿಸಿಬಿಟ್ಟರು :-)

ಅದಿರಲಿ, ಬಿರಾದಾರರಿಗೆ ಬರೋಣ. ಭಾಲ್ಕಿಯಿಂದ ಹೈದರಾಬಾದ್ ಹತ್ತಿರ, ಬೆಂಗಳೂರು ಸುಮಾರು 700 ಕಿಲೋಮೀಟರ್. ಕನ್ನಡ ಸಿನಿಮಾ ಅಂತ ಅಷ್ಟು ದೂರ ಹೋಗಿ ದಶಕಗಟ್ಟಲೆ ನಿಂತ ಹಾಸ್ಯನಟ ಅಂದರೆ ಬೀದರ್ ಕಡೆಯಿಂದ ನನಗೆ ನೆನಪಾಗುವುದು ಇದೊಂದೇ ಹೆಸರು. ಸಿಕ್ಕಿದ್ದು ಭಿಕ್ಷುಕ, ಕುಡುಕ, ಮತ್ತೆ ಭಿಕ್ಷುಕ. ಒಂದು ದೇಹ, ಒಂದು ದನಿ ನೋಡಿದೊಡನೆ ಗಾಂಧಿನಗರಕ್ಕೆ ಹೊಳೆದದ್ದು ಇಷ್ಟೇ. ಬಡತನ, ಬರಗಾಲ, ಗುಳೆ, ಈ ಮೂರನ್ನು ಬಿಟ್ಟು ನಮ್ಮ ಸೀಮೆಯ ಬಗ್ಗೆ ಬೇರೇನೂ ಹೊಳೆಯದ ಹಾಗೆ.

ಇದು ನಮ್ಮಲ್ಲಿ ಮಾತ್ರ ಅಂತಲ್ಲ. ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಚೀಚ್ ಮರಿನ್ ಅಂತ ಒಬ್ಬ ಹಾಸ್ಯನಟ ಇದ್ದಾರೆ, ಮೆಕ್ಸಿಕೋ ಮೂಲದ ಅಮೆರಿಕನ್. 1978ರ 'ಅಪ್ ಇನ್ ಸ್ಮೋಕ್' ಸಿನಿಮಾದಲ್ಲಿ ಟಾಮಿ ಚಾಂಗ್ ಜೊತೆ ಅಮಲಿನಲ್ಲಿ ತೇಲುವ ಪಾತ್ರ ಮಾಡಿ ಹೆಸರಾದವರು. ಆ ಉಚ್ಚಾರ, ಆ ಗತ್ತು, ಅದೇ ಅವರ ಬಂಡವಾಳ. ಆದರೆ 1987ರಲ್ಲಿ 'ಬಾರ್ನ್ ಇನ್ ಈಸ್ಟ್ ಎಲ್.ಎ.' ಅಂತ ತಾವೇ ಬರೆದು, ತಾವೇ ನಿರ್ದೇಶಿಸಿ, ತಾವೇ ನಟಿಸಿದರು. ಅಮೆರಿಕದಲ್ಲೇ ಹುಟ್ಟಿದವನನ್ನು ಮುಖ ನೋಡಿ ಮೆಕ್ಸಿಕೋಗೆ ಅಟ್ಟುವ ಕಥೆ. ಅಂದರೆ ಪೆನ್ನು ಅವರ ಕೈಗೆ ಬಂತು. ನಮ್ಮ ಕಡೆ ಪೆನ್ನಿನ ಬದಲು ಮೈಕು ಹಿಡಿದು ಗೆದ್ದವರು ಗಂಗಾವತಿ ಪ್ರಾಣೇಶ್. ಬೀchi ಅಂತ ಬರೆಯುತ್ತಿದ್ದ ಹರಪನಹಳ್ಳಿಯ ರಾಯಸಂ ಭೀಮಸೇನರಾಯರ ನಗೆಯನ್ನು ಊರೂರಿಗೆ ಹೊತ್ತರು, ಇದೇ ಭಾಷೆಯಲ್ಲಿ, ತಾವೇ ಯಜಮಾನರಾಗಿ. ಬಿರಾದಾರರ ಕೈಗೆ ಪೆನ್ನೂ ಬರಲಿಲ್ಲ, ಮೈಕೂ ಬರಲಿಲ್ಲ. ಬೇರೆಯವರು ಬರೆದ ಎರಡು ನಿಮಿಷಕ್ಕೆ ಕಾಯಬೇಕು.

ಹೀಗೆ ಕಾಯುತ್ತಿದ್ದವರನ್ನು ಗಿರೀಶ್ ಕಾಸರವಳ್ಳಿ ಕರೆದರು, 'ಕನಸೆಂಬ ಕುದುರೆಯನೇರಿ' ಸಿನಿಮಾಕ್ಕೆ. ರಾಯಚೂರು ಜಿಲ್ಲೆಯವರಾದ ಅಮರೇಶ ನುಗಡೋಣಿ ಅವರ 'ಸವಾರಿ' ಕಥೆ. ಬಿರಾದಾರರದು ಇರ್ಯಾ ಅನ್ನುವ ಪಾತ್ರ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ಸತ್ತಿದ್ದಾರೆ ಅಂತ ಅರ್ಥ. ಕನಸು ಎಂದೂ ಸುಳ್ಳಾಗಿಲ್ಲ. ಒಂದು ದಿನ ಸಿದ್ಧ ಬರುತ್ತಾನೆ, ಇರ್ಯಾ ಗೌಡರ ಮನೆಗೆ ಹೋಗುತ್ತಾನೆ. ಯಾರೂ ಸತ್ತಿಲ್ಲ ಹೋಗೋ ಅನ್ನುತ್ತಾರೆ. ನಿಜಕ್ಕೂ ಮುದಿ ಗೌಡ ಸತ್ತಿದ್ದಾನೆ, ಮನೆಯವರು ತಮ್ಮ ಲೆಕ್ಕಾಚಾರಕ್ಕಾಗಿ ಸಾವನ್ನು ಮುಚ್ಚಿಟ್ಟಿದ್ದಾರೆ. ಅದು ಇರ್ಯಾನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಇಷ್ಟೇ: ಕನಸು ಸುಳ್ಳಾಯಿತು. ಉಣ್ಣಲು ಇಲ್ಲದವನ ಹತ್ತಿರ ಇದ್ದ ಒಂದೇ ಆಸ್ತಿ ಹೋಯಿತು.

ಈ ಸಿನಿಮಾ ನೋಡುವಾಗ ನನಗೆ ಹೊಳೆದದ್ದು ಒಂದು. ಬಿರಾದಾರ್ ಇಲ್ಲಿ ಹೊಸದೇನನ್ನೂ ಮಾಡುತ್ತಿಲ್ಲ. ಆ ಬಾಗಿದ ಬೆನ್ನು, ದೊಡ್ಡ ಮನೆಯ ಮುಂದೆ ಕುಗ್ಗಿ ನಿಲ್ಲುವ ರೀತಿ, ಮಾತಾಡುವ ಮೊದಲು ಎದುರಿನವರ ಮುಖ ಓದುವ ಕಣ್ಣು, ಎಲ್ಲ ಆ ಭಿಕ್ಷುಕನದೇ. ಇಷ್ಟು ವರ್ಷ ನಾವು ನಕ್ಕದ್ದು ಇದನ್ನೇ ನೋಡಿ. ಇಲ್ಲಿ ಕ್ಯಾಮೆರಾ ಎರಡು ನಿಮಿಷಕ್ಕೆ ಎದ್ದು ಹೋಗುವುದಿಲ್ಲ, ಕೂತು ನೋಡುತ್ತೆ. ಅಷ್ಟೇ ವ್ಯತ್ಯಾಸ. ಅಷ್ಟಕ್ಕೇ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಹೆಂಡತಿ ರುದ್ರಿಯಾಗಿ ನಟಿಸಿದ್ದು ಉಮಾಶ್ರೀ. ಅವರದೂ ಇಂಥದ್ದೇ ಕಥೆ ನೋಡಿ. ಕಾಶೀನಾಥರ 'ಅನುಭವ'ದಿಂದ (1984) ಶುರುವಾಗಿ ವರ್ಷಗಟ್ಟಲೆ ಎರಡರ್ಥದ ಮಾತಿನ ಕಾಮಿಡಿಗೆ ಅವರನ್ನು ಕಟ್ಟಿಹಾಕಿದ್ದರು. 'ಗುಲಾಬಿ ಟಾಕೀಸ್'ನಲ್ಲಿ (2008) ಕಾಸರವಳ್ಳಿ ಪಾತ್ರ ಕೊಟ್ಟಾಗ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಅಂದರೆ ಗಾಂಧಿನಗರ ಬರೀ ನಗಿಸುವುದಕ್ಕೆ ಅಂತ ಇಟ್ಟುಕೊಂಡಿದ್ದ ಇಬ್ಬರು, ಇಲ್ಲಿ ಗಂಡ ಹೆಂಡತಿಯಾಗಿ ಒಂದು ಗುಡಿಸಲಲ್ಲಿ. ಇದು ಕಾಕತಾಳೀಯ ಅಂತ ನಾನಂತೂ ನಂಬುವುದಿಲ್ಲ.

ಸಿನಿಮಾಕ್ಕೆ 2009ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ಕನ್ನಡ ಚಿತ್ರ ಮನ್ನಣೆ ಸಿಕ್ಕಿತು. ಚಿತ್ರಕಥೆಗೆ ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರಿಗೂ ಪ್ರಶಸ್ತಿ ಬಂತು. ಆ ವರ್ಷದ ಶ್ರೇಷ್ಠ ನಟ 'ಪಾ' ಚಿತ್ರಕ್ಕೆ ಅಮಿತಾಭ್ ಬಚ್ಚನ್. ಎದುರಿಗಿದ್ದದ್ದು ಅಮಿತಾಭ್, ಹಾಗಾಗಿ ತಕರಾರು ಎತ್ತುವ ಧೈರ್ಯ ನನಗಿಲ್ಲ, ಮನಸ್ಸಿನಲ್ಲಿ ಇದೆ ಅಷ್ಟೇ. ಬಿರಾದಾರರಿಗೆ ಶ್ರೇಷ್ಠ ನಟ ಅಂದದ್ದು ಸ್ಪೇನ್ ದೇಶದವರು, ಅಲ್ಲಿನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ. ತೇಗಂಪುರದ ಕನ್ನಡ, ಕೆಳಗೆ ಸಬ್‌ಟೈಟಲ್, ಎದುರಿಗೆ ಸ್ಪೇನಿನ ಜನ. ಅವರಿಗೆ ಆ ಉಚ್ಚಾರದಲ್ಲಿ ನಗುವಂಥದ್ದು ಏನಿದೆ ಅಂತಲೇ ಗೊತ್ತಿರಲಿಲ್ಲವಲ್ಲ! ಹಾಗಾಗಿ ಅವರು ನಟನನ್ನು ಮಾತ್ರ ನೋಡಿದರು.

ಆಮೇಲೆ? ಆಮೇಲೆ ಮತ್ತೆ ಎರಡು ನಿಮಿಷಗಳೇ. ಇದೇ ನನಗೆ ಹೊಟ್ಟೆ ಉರಿಸುವ ಸಂಗತಿ. ಕಾಸರವಳ್ಳಿ ಕಂಡದ್ದನ್ನು ಮತ್ತೊಬ್ಬ ನಿರ್ದೇಶಕ ಯಾಕೆ ಕಾಣಲಿಲ್ಲ? ಒಂದು ಅಪ್ಪನ ಪಾತ್ರ, ಒಂದು ಮೇಷ್ಟರ ಪಾತ್ರ, ಹೋಗಲಿ, ಊಟ ಮಾಡಿ ಹೊಟ್ಟೆ ತುಂಬಿದ ಒಬ್ಬ ಮನುಷ್ಯನ ಪಾತ್ರ ಯಾಕೆ ಹೊಳೆಯಲಿಲ್ಲ?

ಕೊನೆಗೆ 2023ರಲ್ಲಿ ಅವರೇ ನಾಯಕರಾದ ಸಿನಿಮಾ ಬಂತು. 500ನೇ ಚಿತ್ರ ಅಂತಲೇ ಪ್ರಚಾರ. ಮೊದಲಿಟ್ಟ ಹೆಸರು '90 ಹೊಡಿ ಮನೀಗ್ ನಡಿ'. ಸೆನ್ಸಾರ್‌ನವರು ಒಪ್ಪಲಿಲ್ಲ, '90 ಬಿಡಿ ಮನೀಗ್ ನಡಿ' ಆಯಿತು. 'ಮನೀಗ್ ನಡಿ' ಅನ್ನುವ ನಮ್ಮ ಕನ್ನಡ ಅಷ್ಟು ದೊಡ್ಡ ಅಕ್ಷರದಲ್ಲಿ ಪೋಸ್ಟರಿನ ಮೇಲೆ ಕಂಡು ಖುಷಿಯಾಯಿತು ಅನ್ನುವುದು ಖರೇ. ಹೀರೋ ಆಗಲಿಕ್ಕೂ ಆ ಬಾಟಲಿಯನ್ನು ಹೆಸರಿನಲ್ಲೇ ಹೊತ್ತುಕೊಂಡು ಬರಬೇಕಾಯಿತಲ್ಲ ಅನ್ನುವ ಸಂಕಟವೂ ಖರೇ.

ಭಾಲ್ಕಿ, ಔರಾದ್ ಕಡೆಯ ಬ್ಲಾಗಿಗರು ಯಾರಾದರೂ ಇದ್ದರೆ ಒಂದು ವಿಷಯ ಕೇಳಬೇಕಿತ್ತು. ಕಥೆ ರಾಯಚೂರು ಕಡೆಯವರದು, ನಟ ಭಾಲ್ಕಿಯವರು. ಹೊರಗಿನವರಿಗೆ ಎರಡೂ 'ಉತ್ತರ ಕರ್ನಾಟಕದ ಭಾಷೆ' ಆದರೂ ನಮಗೆ ಗೊತ್ತಲ್ಲ, ಒಂದಕ್ಕೊಂದು ಸಂಬಂಧವೇ ಇಲ್ಲ. ಇನ್ನೊಮ್ಮೆ ಸಿನಿಮಾ ನೋಡಿದಾಗ ಕಿವಿಗೊಟ್ಟು ಕೇಳಿ ಬರೆಯಿರಿ, ಇರ್ಯಾ ಮಾತಾಡುವುದು ಯಾವ ಊರಿನ ಕನ್ನಡ?