ಅಳಿದವರಿಗೊಂದು ನೆಲೆ: ಲಂಡನ್ನಿನ ಸ್ಮಾರಕಗಳು ಮತ್ತು ಕನ್ನಡಿಗರು

ಅಳಿದವರ ನೆನಪಿಗಾಗಿ ಕಲ್ಲು ನಿಲ್ಲಿಸುವ ಸಂಪ್ರದಾಯ ಕನ್ನಡ ನಾಡಿಗೆ ಬಹು ಪುರಾತನವಾದುದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಕೋಣೆಗಳು ಇತಿಹಾಸಪೂರ್ವ ಕಾಲದವು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ತೊರೆದವರ ನಿಸಿದಿಗಳಿವೆ. ಊರೂರಿನಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿವೆ. ಸುಮಾರು ಕ್ರಿ.ಶ. 950ರ ಆತಕೂರು ಶಾಸನವಂತೂ ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನೂ ಸ್ಮರಿಸುತ್ತದೆ. ನಾಯಿಯನ್ನು ಸಹ ಮರೆಯದ ನಾಡಿನಿಂದ ಬಂದ ನಾವು, ಈ ದೂರದ ನೆಲದಲ್ಲಿ ತೀರಿಕೊಂಡ ನಮ್ಮವರನ್ನು ಎಲ್ಲಿ, ಹೇಗೆ ನೆನೆಯಬೇಕು? ವಾಸ್ತುಶಿಲ್ಪವನ್ನು ಶಾಸ್ತ್ರವಾಗಿ ಓದಿದವಳು ನಾನಲ್ಲ. ಆದರೂ ಈ ಪ್ರಶ್ನೆಯ ಬೆನ್ನು ಹತ್ತಿ ಲಂಡನ್ ನಗರದ ಸ್ಮಾರಕಗಳನ್ನು ನೋಡಿದಾಗ ತೋರಿದ ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಚರ್ಚುಗಳ ಅಂಗಳಗಳು ಗೋರಿಗಳಿಂದ ತುಂಬಿ ತುಳುಕುತ್ತಿದ್ದವು. ರೋಗಭೀತಿಯಿಂದಾಗಿ ಊರ ಹೊರಗೆ ವಿಶಾಲವಾದ ಸ್ಮಶಾನಗಳನ್ನು ನಿರ್ಮಿಸುವ ಯೋಚನೆ ಹುಟ್ಟಿತು. 1833ರಲ್ಲಿ ಕೆನ್ಸಲ್ ಗ್ರೀನ್ ಆರಂಭವಾಯಿತು. 1841ರ ವೇಳೆಗೆ ಅಂತಹ ಏಳು ಸ್ಮಶಾನಗಳು ತಲೆಯೆತ್ತಿದವು. ಇವು ಕೇವಲ ಹೂಳುವ ಸ್ಥಳಗಳಲ್ಲ, ತೋಟಗಳು. ಮರಗಳ ಸಾಲು, ತಿರುವುದಾರಿ, ಪ್ರಾರ್ಥನಾ ಮಂದಿರ ಇವೆಲ್ಲವನ್ನೂ ದುಃಖಿತರು ನಿಧಾನವಾಗಿ ನಡೆಯಲೆಂದೇ ಯೋಜಿಸಲಾಗಿತ್ತು.

ಈ ಏಳರಲ್ಲಿ ಎರಡು ಸ್ಮಶಾನಗಳಿಗೆ ನಮ್ಮ ನಾಡಿನ ನಂಟಿದೆ. ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಪರಿಚಿತನಾದ, ಕೊಡಗಿನ ಕಡೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಪದಚ್ಯುತನಾಗಿ ಕಾಶಿಯಲ್ಲಿ ದಿನ ಕಳೆದು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಬಂದನು. ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದ ಆತ, ತೀರ್ಪು ಬರುವ ಮುನ್ನವೇ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಆತನನ್ನು ಕೆನ್ಸಲ್ ಗ್ರೀನ್‌ನಲ್ಲಿ ಹೂಳಲಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ದೀಕ್ಷಾಸ್ನಾನ ಮಾಡಿಸಿದ ಗೌರಮ್ಮ, ಕರ್ನಲ್ ಕ್ಯಾಂಪ್‌ಬೆಲ್ ಎಂಬಾತನನ್ನು ವಿವಾಹವಾಗಿ, 1864ರಲ್ಲಿ ಇನ್ನೂ ಇಪ್ಪತ್ತೆರಡರ ಪ್ರಾಯದಲ್ಲಿ ಅಸುನೀಗಿದಳು. ಆಕೆಯ ಸಮಾಧಿ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ತಂದೆ ಒಂದು ಕಡೆ, ಮಗಳು ಇನ್ನೊಂದು ಕಡೆ. ನಡುವೆ ಕೆಲವೇ ಮೈಲಿಗಳ ಅಂತರ.

ಮಡಿಕೇರಿಯ ಗದ್ದಿಗೆಗಳನ್ನು ಕಂಡವರಿಗೆ ಇಲ್ಲಿನ ವೈರುಧ್ಯ ಥಟ್ಟನೆ ಹೊಳೆಯುತ್ತದೆ. ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಆ ಗದ್ದಿಗೆಗಳಿಗೆ ಮುಸಲ್ಮಾನೀ ಶೈಲಿಯ ಗುಮ್ಮಟ, ಮೂಲೆಗಳಲ್ಲಿ ನಂದಿ, ಒಳಗೆ ಶಿವಪೂಜೆ. ತಂದೆ ಲಿಂಗರಾಜೇಂದ್ರನಿಗಾಗಿ ಗದ್ದಿಗೆ ಕಟ್ಟಿಸಿದವನೇ ಚಿಕ್ಕವೀರರಾಜೇಂದ್ರ. ವೀರಶೈವನಾದ ಅವನಿಗೆ ಭೂಮಿಯಲ್ಲಿ ಮಣ್ಣಾಗುವುದು ಪರಧರ್ಮವೇನೂ ಆಗಿರಲಿಲ್ಲ. ದೊರೆಯದೆ ಹೋದದ್ದು ಗದ್ದಿಗೆಯ ಬಳಿ ಬಂದು ವರ್ಷಕ್ಕೊಮ್ಮೆ ಹೂವಿಡುವ ಜನ. ಸ್ಮಾರಕಕ್ಕೆ ಜೀವ ತುಂಬುವುದು ಕಲ್ಲಿಗಿಂತ ಮಿಗಿಲಾಗಿ ಅಲ್ಲಿಗೆ ಬಂದು ಹೋಗುವವರು ಎಂಬುದನ್ನು ಈ ಇತಿಹಾಸ ನಮಗೆ ತಿಳಿಸುತ್ತದೆ.

ದಹನ ಸಂಸ್ಕಾರದವರಾದ ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಿತವಾದುದು ಗೋಲ್ಡರ್ಸ್ ಗ್ರೀನ್‌ನಂತಹ ಚಿತಾಗಾರ. 1902ರಲ್ಲಿ ಆರಂಭವಾದ ಈ ಕೆಂಪು ಇಟ್ಟಿಗೆಯ ಕಟ್ಟಡದ ಶಿಲ್ಪಿ ಅರ್ನೆಸ್ಟ್ ಜಾರ್ಜ್. ಹೊಗೆಕೊಳವೆ ಕಣ್ಣಿಗೆ ಬೀಳದಂತೆ ಅದನ್ನು ಗೋಪುರದೊಳಗೆ ಅಡಗಿಸಿ, ಎದುರಿಗೆ ವಿಶಾಲವಾದ ತೋಟವನ್ನು ತೆರೆದಿರಿಸಿದರು. ಬಂದವರ ಕಣ್ಣು ಬೆಂಕಿಯಿಂದ ಹಸಿರಿಗೆ ಹೊರಳಲಿ ಎಂಬುದೇ ಈ ಯೋಜನೆಯ ಮರ್ಮವಾಗಿರಬೇಕು. ಆದರೆ ಚಿತಾಭಸ್ಮ ಕಾವೇರಿಗೋ ಗಂಗೆಗೋ ಸಾಗಿದ ಮೇಲೆ, ಈ ಊರಿನಲ್ಲಿ ಮೂವತ್ತು ನಲವತ್ತು ವರ್ಷ ಬಾಳಿದವರ ಗುರುತು ಈ ಊರಿನಲ್ಲೇ ಉಳಿಯುವುದಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳು ಅಜ್ಜಿಯನ್ನು ನೆನೆಯಲು ಎಲ್ಲಿಗೆ ಹೋಗಬೇಕು?

ಇದಕ್ಕೆ ಉತ್ತರದ ಒಂದು ಎಳೆ ವೈಟ್‌ಹಾಲ್ ಬೀದಿಯಲ್ಲಿದೆ. ನವದೆಹಲಿಯ ನಿರ್ಮಾಪಕರಲ್ಲೊಬ್ಬರಾದ ಎಡ್ವಿನ್ ಲುಟ್ಯೆನ್ಸ್ ರೂಪಿಸಿದ ಸೆನೊಟಾಫ್, ಅಂದರೆ ಬರಿದಾದ ಸಮಾಧಿ, 1919ರ ವಿಜಯೋತ್ಸವಕ್ಕೆ ಮರ ಮತ್ತು ಗಾರೆಯಲ್ಲಿ ನಿಂತಿತ್ತು. ಜನ ಅದರ ಬುಡದಲ್ಲಿ ಹೂವಿನ ರಾಶಿ ಸುರಿದುದರಿಂದ 1920ರ ನವೆಂಬರ್ 11ರಂದು ಪೋರ್ಟ್‌ಲೆಂಡ್ ಕಲ್ಲಿನಲ್ಲಿ ಶಾಶ್ವತವಾಯಿತು. ಅದರ ರೇಖೆಗಳು ನೇರವಾಗಿ ಕಂಡರೂ ನೇರವಲ್ಲ. ಲಂಬವಾದ ಅಂಚುಗಳು ಸುಮಾರು ಸಾವಿರ ಅಡಿ ಎತ್ತರದಲ್ಲಿ ಒಂದುಗೂಡುವಷ್ಟು ನವಿರಾಗಿ ಓರೆಯಾಗಿವೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಮಡಿದವರಲ್ಲಿ ಅನೇಕ ಧರ್ಮಗಳವರಿದ್ದುದರಿಂದ ಕಲ್ಲಿನಲ್ಲಿ ಶಿಲುಬೆಯಾಗಲಿ, ಬೇರಾವ ಮತದ ಚಿಹ್ನೆಯಾಗಲಿ ಕೆತ್ತಲ್ಪಡಲಿಲ್ಲ. ಬಯಲನ್ನೇ ಪರತತ್ತ್ವವೆಂದು ಬಗೆದ ವಚನಕಾರರ ನಾಡಿನವರಾದ ನಮಗೆ ಈ ಬರಿದುತನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಎಳೆ ಹೈಡ್ ಪಾರ್ಕ್ ಮೂಲೆಯ ಸ್ಮಾರಕ ದ್ವಾರಗಳಲ್ಲಿದೆ. ಎರಡು ಮಹಾಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಭಾರತ ಉಪಖಂಡ, ಆಫ್ರಿಕಾ, ಕೆರಿಬಿಯನ್, ನೇಪಾಳಗಳ ಯೋಧರಿಗಾಗಿ ಇವು 2002ರಲ್ಲಿ ಉದ್ಘಾಟನೆಗೊಂಡವು. ಪಕ್ಕದಲ್ಲೊಂದು ಪುಟ್ಟ ಛತ್ರಿ ಮಂಟಪ; ಅದರ ಒಳಮಾಳಿಗೆಯಲ್ಲಿ ಪದಕ ಪಡೆದ ವೀರರ ಹೆಸರುಗಳು. ಹೆಸರನ್ನು ಓದಬೇಕಾದರೆ ತಲೆಯೆತ್ತಿ ನೋಡಲೇಬೇಕು. ಇನ್ನು 2021ರ ಮಾರ್ಚಿನಲ್ಲಿ ಸಂಸತ್ ಭವನದ ಎದುರುದಡದ ಗೋಡೆಯ ಮೇಲೆ ಕೋವಿಡ್ಡಿಗೆ ಬಲಿಯಾದವರ ಬಂಧುಗಳು ಒಬ್ಬೊಬ್ಬರಿಗೆ ಒಂದರಂತೆ ಕೆಂಪು ಹೃದಯಗಳನ್ನು ಬರೆಯತೊಡಗಿದರು. ಅರ್ಧ ಕಿಲೋಮೀಟರಿನಷ್ಟು ಉದ್ದದ ಆ ಗೋಡೆಗೆ ಶಿಲ್ಪಿಯಿಲ್ಲ. ಅಂತ್ಯಕ್ರಿಯೆಗೆ ಬೆರಳೆಣಿಕೆಯ ಮಂದಿಗಷ್ಟೇ ಅವಕಾಶವಿದ್ದ ಆ ದಿನಗಳಲ್ಲಿ, ಕೊನೆಯ ನಮಸ್ಕಾರವನ್ನೂ ಸಲ್ಲಿಸಲಾಗದ ಎಷ್ಟೋ ಮನೆಗಳಿಗೆ ಆ ಗೋಡೆಯೇ ಗದ್ದಿಗೆಯಾಯಿತು.

ನಮಗೆ ಬೇಕಾದುದು ಭವ್ಯ ಭವನವಲ್ಲ. ಯಾವುದಾದರೊಂದು ಸ್ಮಶಾನೋದ್ಯಾನದ ಮೂಲೆಯಲ್ಲಿ ನಾಲ್ಕು ಕಡೆಯೂ ತೆರೆದ, ಮಳೆಗೆ ಮಾಡಿರುವ ಒಂದು ಸಣ್ಣ ಮಂಟಪ. ವಯಸ್ಸಾದವರು ಕುಳಿತುಕೊಳ್ಳಲು ಊರಿನ ಮನೆಯಲ್ಲಿರುವಂತಹ ಜಗಲಿ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹೆಸರು ಕೆತ್ತಿದ ಕಲ್ಲು. ಈ ಹವೆಗೆ ಒಗ್ಗುವ ಒಂದು ಮರ. ಸುಡುವವರು, ಹೂಳುವವರು, ಜೈನರು, ಮುಸಲ್ಮಾನರು, ಕ್ರೈಸ್ತರು, ಎಲ್ಲರೂ ಕನ್ನಡಿಗರೇ ಆದುದರಿಂದ ಅಲ್ಲಿ ಯಾವ ಮತದ ಚಿಹ್ನೆಯೂ ಬೇಡ.

ಇದು ಕೈಗೂಡಲು ಕಾಲ ಹಿಡಿಯಬಹುದು. ಆದರೆ ಕೆತ್ತಬೇಕಾದ ಹೆಸರುಗಳನ್ನು ಈಗಲೇ ಕಲೆಹಾಕದಿದ್ದರೆ, ಅವುಗಳನ್ನು ಹೇಳಬಲ್ಲವರೂ ನಮ್ಮ ನಡುವೆ ಉಳಿಯುವುದಿಲ್ಲ. ಆದುದರಿಂದ ಈ ಸಮ್ಮೇಳನಕ್ಕೆ ಆಗಮಿಸಿರುವ ಪ್ರತಿನಿಧಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಿಂದ ಅಗಲಿದವರ ಹೆಸರು, ಅವರ ಹುಟ್ಟೂರು, ಈ ದೇಶಕ್ಕೆ ಬಂದ ವರ್ಷ, ಅವರ ದೇಹವೋ ಭಸ್ಮವೋ ಸೇರಿದ ಸ್ಥಳ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ನಿಮ್ಮ ಊರಿನ ಕನ್ನಡ ಸಂಘಕ್ಕೆ ಒಪ್ಪಿಸಿರಿ. ಮುಂದಿನ ಸಮ್ಮೇಳನದ ವೇಳೆಗೆ ಅದೊಂದು ಪುಸ್ತಕವಾಗಲಿ. ಮಂಟಪಕ್ಕೆ ಅದೇ ತಳಪಾಯವಾದೀತು.