ರಾತ್ರಿ ಎರಡು ಗಂಟೆಯ ಪಾಠ

ಎಂಟನೇ ಕ್ಲಾಸಿನಲ್ಲಿ ನನ್ನವ್ವ ನನ್ನನ್ನು ಇಂಗ್ಲಿಷ್ ಟ್ಯೂಷನ್ನಿಗೆ ಸೇರಿಸಿದಳು. ಮೇಷ್ಟ್ರ ಮನೆ ಊರೊಳಗಿತ್ತು. ಊರಿನ ಹುಡುಗರು ಜಗಲಿ ಮೇಲೆ ಕೂರೋರು. ನಾನು ಜಗಲಿ ಕೆಳಗೆ, ಚಪ್ಪಲಿ ಬಿಡೋ ಜಾಗದಲ್ಲಿ. ಅಲ್ಲೇ ಕೂತ್ಕೋ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಮೇಲೆ ಬಾ ಅಂತಲೂ ಹೇಳಲಿಲ್ಲ. ನೋಟ್‌ಬುಕ್ಕನ್ನು ಮೆಟ್ಟಿಲ ಮೇಲಿಡಬೇಕು, ಅವರು ತಿದ್ದಿ ಮತ್ತೆ ಮೆಟ್ಟಿಲ ಮೇಲೇ ಇಡೋರು. ತಿಂಗಳ ಫೀಜು ಮಾತ್ರ ಕೈಯಿಂದ ಕೈಗೆ ಹೋಗುತ್ತಿತ್ತು. ಅವ್ವ ಕಳೆ ಕಿತ್ತು ತಂದ ದುಡ್ಡಿಗೆ ಮೈಲಿಗೆ ಇರಲಿಲ್ಲ.

ಇದನ್ನು ಹೇಳಿ ಕನಿಕರ ಗಿಟ್ಟಿಸಬೇಕು ಅಂತಲ್ಲ. ಸರ್ಕಾರಿ ಶಾಲೆಯ ಬೆಂಚಿನ ಮೇಲೆ ನಾನು ಎಲ್ಲರ ಜೊತೆ ಕೂತವನೇ. ಅಲ್ಲಿಗೆ ಸಂವಿಧಾನ ಬಂದಿತ್ತು. ಆದರೆ ಇಂಗ್ಲಿಷು ಅನ್ನೋದು ಶಾಲೆಯ ನಲವತ್ತು ನಿಮಿಷದಲ್ಲಿ ಕನ್ನಡ ಶಾಲೆಯ ಮಕ್ಕಳ ನಾಲಿಗೆಗೆ ಹತ್ತುವುದಿಲ್ಲ. ಅದಕ್ಕೆ ಯಾರಾದರೂ ಪಕ್ಕದಲ್ಲಿ ಕೂತು, ತಪ್ಪನ್ನು ತಿದ್ದಿ, ಮತ್ತೆ ಹೇಳು ಅನ್ನಬೇಕು. ಪಕ್ಕದಲ್ಲಿ ಕೂರೋದು ಅನ್ನುವ ಮಾತೇ ಈ ದೇಶದಲ್ಲಿ ಜಾತಿಯ ಮಾತು. ಹಾಗಾಗಿ ನಮ್ಮ ಜನ ಇಂಗ್ಲಿಷು ಕಲಿತ ಚರಿತ್ರೆಯನ್ನು ಶಾಲೆಗಳ ಚರಿತ್ರೆಯಾಗಿ ಬರೆದರೆ ಸಾಲದು. ಪಕ್ಕದಲ್ಲಿ ಕೂತವರು ಯಾರು, ಕೂರದೇ ಹೋದವರು ಯಾರು ಅಂತ ಕೇಳಬೇಕು.

ಕೂರದೇ ಹೋದವರ ಕತೆ ನಮ್ಮ ನಾಡಿನಲ್ಲೇ ಇದೆ. 1856ರ ಜೂನ್. ಧಾರವಾಡ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗನ ಅರ್ಜಿ ಸರ್ಕಾರದ ಮುಂದೆ ಬಂತು. ಮುಂಬೈ ಸರ್ಕಾರ ಜುಲೈನಲ್ಲಿ ಠರಾವು ಮಾಡಿತು. ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಒಬ್ಬನಿಗೋಸ್ಕರ ಅವನನ್ನು ಮಿಕ್ಕವರ ನಡುವೆ ಬಲವಂತವಾಗಿ ಕೂರಿಸಿದರೆ ಶಾಲೆಯೇ ಹಾಳುಬೀಳಬಹುದು ಅನ್ನೋದು ಅದರ ಸಾರ. ನ್ಯಾಯ ನಿನ್ನದು, ಜಾಗ ಅವರದು! ನಮ್ಮ ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲಿ ಕೇಳಿಬರುವ ತೀರ್ಪೂ ಇದೇ. ಬಿಳಿಯ ದೊರೆ ಅದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದ, ಅಷ್ಟೇ.

ಮರುವರ್ಷ ಕಲ್ಕತ್ತದ ಸರ್ಕಾರ ಇದಕ್ಕೆ ಆಕ್ಷೇಪ ಎತ್ತಿತು. 1858ರಲ್ಲಿ ಲಂಡನ್ನಿನಿಂದ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಅದಾಗಿ ನಾಲ್ಕು ದಶಕ ಕಳೆದ ಮೇಲೂ ಸಾತಾರದ ಶಾಲೆಯಲ್ಲಿ ಭೀಮರಾವ್ ಅನ್ನುವ ಹುಡುಗ ಮನೆಯಿಂದ ಗೋಣಿಚೀಲ ಹೊತ್ತು ತಂದು, ಅದರ ಮೇಲೆ ಬೇರೆಯಾಗಿ ಕೂರುತ್ತಿದ್ದ. ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಿದರೆ ಉಂಟು, ಇಲ್ಲದಿದ್ದರೆ ನೀರಿಲ್ಲ. ಧಾರವಾಡದ ಹುಡುಗನ ಅರ್ಜಿಯನ್ನು ಚರಿತ್ರೆಯ ಕಸದಿಂದ ಎತ್ತಿ, 1928ರಲ್ಲಿ ಸೈಮನ್ ಕಮಿಷನ್ನಿನ ಮುಂದಿಟ್ಟವರೂ ಇದೇ ಭೀಮರಾವ್. ಅರ್ಜಿ ಹಾಕಿದವನು ಒಬ್ಬ, ಎಪ್ಪತ್ತು ವರ್ಷ ಆದಮೇಲೆ ಅದಕ್ಕೆ ವಕಾಲತ್ತು ವಹಿಸಿದವನು ಇನ್ನೊಬ್ಬ.

ಇಲ್ಲಿ ಮೆಕಾಲೆ ವಿಷಯ ಬಂದೇ ಬರುತ್ತದೆ. ಉತ್ತರದ ಗೆಳೆಯ ಚಂದ್ರಭಾನ್ ಪ್ರಸಾದ್ 2006ರಲ್ಲಿ ದೆಹಲಿಯಲ್ಲಿ ಮೆಕಾಲೆಯ ಹುಟ್ಟುಹಬ್ಬ ಮಾಡಿದರು. 2010ರಲ್ಲಿ ಉತ್ತರ ಪ್ರದೇಶದ ಬಂಕಾ ಅನ್ನುವ ಹಳ್ಳಿಯಲ್ಲಿ ಇಂಗ್ಲಿಷ್ ದೇವಿಯ ಗುಡಿಗೆ ಅಡಿಗಲ್ಲು ಬಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಹಬ್ಬದ ಊಟ ಮಾತ್ರ ಗಂಟಲಲ್ಲಿ ಇಳಿಯೋದಿಲ್ಲ. 1835ರ ಟಿಪ್ಪಣಿಯಲ್ಲಿ ಮೆಕಾಲೆ ಜನಸಾಮಾನ್ಯರಿಗೆಲ್ಲ ಕಲಿಸುವುದು ತಮ್ಮಿಂದ ಆಗದು, ನಡುವೆ ನಿಂತು ದುಭಾಷಿತನ ಮಾಡುವ ಒಂದು ವರ್ಗವನ್ನು ತಯಾರು ಮಾಡೋಣ ಅಂದವನು. ಆ ವರ್ಗ ಯಾವ ಜಾತಿಯದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಸುರಿದರೆ ಕೆಳಕ್ಕೆ ಸೋರುತ್ತೆ ಅಂದರು, ಸೋರಲಿಲ್ಲ. ರೈತ ಬೆವರು ಸುರಿಸಿ ಕಟ್ಟಿದ ಕಂದಾಯದಲ್ಲಿ ಮೇಲಿನವರ ಮಕ್ಕಳು ಓದುತ್ತಿದ್ದಾರೆ ಅಂತ ಜೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗಕ್ಕೆ ನೇರವಾಗಿ ಬರೆದುಕೊಟ್ಟರು.

ಫುಲೆ ಇಂಗ್ಲಿಷು ಕಲಿತದ್ದಾದರೂ ಹೇಗೆ? ಶಾಲೆ ಬಿಡಿಸಿ ತೋಟದ ಕೆಲಸಕ್ಕೆ ಹಚ್ಚಿದ್ದ ಹುಡುಗನನ್ನು ಮತ್ತೆ ಓದಿಸು ಅಂತ ಅಪ್ಪನಿಗೆ ಬುದ್ಧಿ ಹೇಳಿದವರು ಇಬ್ಬರು. ಗಫಾರ್ ಬೇಗ್ ಅನ್ನುವ ಮುನ್ಷಿ, ಲಿಜಿಟ್ ಅನ್ನುವ ಸಾಹೇಬ. 1841ರಲ್ಲಿ ಆತ ಪುಣೆಯ ಸ್ಕಾಟಿಷ್ ಮಿಷನ್ ಶಾಲೆಗೆ ಹೋದ. ಕಲಿತದ್ದನ್ನು ಮನೆಯಲ್ಲಿ ಹೆಂಡತಿಗೆ ಕಲಿಸಿದ. ಆ ಸಾವಿತ್ರಿಬಾಯಿ 1854ರ ತಮ್ಮ ಪದ್ಯಗಳಲ್ಲಿ ಇಂಗ್ಲಿಷನ್ನು ತಾಯಿ ಅಂತ ಕರೆದಳು. ಆಕೆಯ ಬಾಯಲ್ಲಿ ಆ ಮಾತಿಗೆ ತೂಕವಿದೆ, ಯಾಕಂದರೆ ಬೀದಿಯಲ್ಲಿ ಸಗಣಿ ಎರಚಿಸಿಕೊಂಡು ಪಾಠ ಹೇಳಲು ಹೋದವಳು ಆಕೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲೋದು ಮುಂಬೈಯ ಪರೇಲಿನ ಒಂದು ಚಾಳದಲ್ಲಿ.

ರಾಮ್‌ಜಿ ಸಕ್ಪಾಲರು ಸೈನ್ಯದ ಸುಬೇದಾರರು. ಕಂಪನಿ ಸರ್ಕಾರ ತನ್ನ ಲಾಭಕ್ಕಾಗಿಯೇ ಮಹಾರರನ್ನು ಪಲ್ಟನ್ನಿಗೆ ಸೇರಿಸಿಕೊಂಡಿತ್ತು. ಆದರೆ ಪಲ್ಟನ್ನಿನಲ್ಲಿ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಓದು ಕಡ್ಡಾಯವಾಗಿತ್ತು. ಊರು ಕೊಡದ ಅಕ್ಷರವನ್ನು ಬಂದೂಕಿನ ಜೊತೆ ಬರಾಕು ಕೊಟ್ಟಿತು. ರಾಮ್‌ಜಿ ಹದಿನಾಲ್ಕು ವರ್ಷ ಸೈನಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಆಮೇಲೆ 1890ರ ದಶಕದಲ್ಲಿ ಸರ್ಕಾರ ಮಹಾರರ ಭರ್ತಿಯನ್ನೇ ನಿಲ್ಲಿಸಿತು, ಆ ಬಾಗಿಲೂ ಮುಚ್ಚಿತು. ಅಷ್ಟರಲ್ಲಿ ಒಬ್ಬ ಮೇಷ್ಟ್ರು ತಯಾರಾಗಿ ಮನೆಗೆ ಬಂದಿದ್ದ.

ಮಗನಿಗೆ ಅವರು ಓದಿಸಿದ ಪುಸ್ತಕಗಳ ಹೆಸರು ಚರಿತ್ರೆಯಲ್ಲಿ ಉಳಿದಿದೆ: ಹೋವರ್ಡನ ಇಂಗ್ಲಿಷ್ ರೀಡರುಗಳು, ತರ್ಖಡ್ಕರರ ಭಾಷಾಂತರ ಪಾಠಮಾಲೆ. ಅಂದರೆ ಕಲಿಕೆಯ ದಾರಿ ಭಾಷಾಂತರ. ಮರಾಠಿ ವಾಕ್ಯ ಇಟ್ಟುಕೊಂಡು ಅದಕ್ಕೆ ಸರಿಹೊಂದುವ ಇಂಗ್ಲಿಷ್ ಮಾತು ಹುಡುಕೋದು. ಈಗಿನ ಕಾನ್ವೆಂಟುಗಳಲ್ಲಿ ತಾಯಿಭಾಷೆ ಬಾಯಿಗೆ ಬಂದರೆ ದಂಡ ಹಾಕುತ್ತಾರಲ್ಲ, ಅವರು ಇದನ್ನೊಮ್ಮೆ ಯೋಚಿಸಲಿ. ಅಂಬೇಡ್ಕರರ ಇಂಗ್ಲಿಷು ಮನೆಮಾತಿನ ಹೆಗಲ ಮೇಲೆ ಕೂತು ಬೆಳೆದ ಇಂಗ್ಲಿಷು.

1904ರ ಹೊತ್ತಿಗೆ ಸಂಸಾರ ಪರೇಲಿಗೆ ಬಂತು. ಇಡೀ ಮನೆಗೆ ಒಂದೇ ಕೋಣೆ. ಅಡುಗೆ ಅಲ್ಲೇ, ಸೌದೆ ಅಲ್ಲೇ, ನಿದ್ದೆ ಅಲ್ಲೇ. ಹುಡುಗ ಮಲಗಿದರೆ ತಲೆಯ ಹತ್ತಿರ ಬೀಸೋಕಲ್ಲು, ಕಾಲ ಹತ್ತಿರ ಮೇಕೆ. ಓದಲು ಸದ್ದಿಲ್ಲದ ಹೊತ್ತು ಬೇಕಲ್ಲ, ಅದಕ್ಕೆ ಅಪ್ಪ ಒಂದು ಏರ್ಪಾಟು ಮಾಡಿದರು. ಮಗನನ್ನು ಬೇಗ ಮಲಗಿಸಿ ತಾವು ರಾತ್ರಿ ಎರಡು ಗಂಟೆಯವರೆಗೂ ಎದ್ದಿರೋರು. ಎರಡಕ್ಕೆ ಮಗನನ್ನು ಎಬ್ಬಿಸಿ ತಾವು ಮಲಗೋರು. ಗಾಜಿಲ್ಲದ ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಹುಡುಗ ಬೆಳಗಾಗೋವರೆಗೆ ಓದೋನು. ಇಬ್ಬರು ಒಟ್ಟಿಗೆ ಎದ್ದಿರಲು ಜಾಗವಿಲ್ಲದ ಮನೆಯಲ್ಲಿ ಅಪ್ಪ ಮಗ ರಾತ್ರಿಯನ್ನು ಪಾಲು ಮಾಡಿಕೊಂಡರು.

ಪುಸ್ತಕದ ದುಡ್ಡಿನ ಕತೆ ಬೇರೆ. ರಾಮ್‌ಜಿಯವರ ಪಿಂಚಣಿ ತಿಂಗಳಿಗೆ ಐವತ್ತು ರೂಪಾಯಿ. ಮಗ ಕೇಳಿದ ಪುಸ್ತಕಕ್ಕೆ ಕೈಯಲ್ಲಿ ಕಾಸಿಲ್ಲದಿದ್ದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೆ ಓಡೋರು. ಅವರ ಹತ್ತಿರ ದುಡ್ಡಿಲ್ಲದಿದ್ದರೆ ಒಡವೆ ಇಸಕೊಂಡು ಅಡವಿಟ್ಟು ಪುಸ್ತಕ ತರೋರು, ಪಿಂಚಣಿ ಬಂದಾಗ ಬಿಡಿಸಿ ಕೊಡೋರು. ಆ ಅಕ್ಕಂದಿರು ಕೊಟ್ಟ ಒಡವೆಯ ಲೆಕ್ಕವನ್ನು ನಮ್ಮ ಭಾಷಣಕಾರರು ಹೇಳೋದು ಕಡಿಮೆ.

1907ರಲ್ಲಿ ಹುಡುಗ ಮೆಟ್ರಿಕ್ ಪಾಸಾದ, 1912ರಲ್ಲಿ ಬಿ.ಎ. 1913ರ ಫೆಬ್ರವರಿ 2ರಂದು ಅಪ್ಪ ತೀರಿಕೊಂಡರು. ಮೆಕಾಲೆ ತನ್ನ ಟಿಪ್ಪಣಿಗೆ ಸಹಿ ಹಾಕಿದ್ದೂ ಫೆಬ್ರವರಿ 2ರಂದೇ. ಯಾರ ನೆನಪಿಗೆ ದೀಪ ಹಚ್ಚಬೇಕು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಅದೇ ವರ್ಷ ಜುಲೈನಲ್ಲಿ ಮಗ ನ್ಯೂಯಾರ್ಕಿನಲ್ಲಿ ಹಡಗಿಳಿದ.

ನಮ್ಮಲ್ಲಿ ಈ ಪ್ರಶ್ನೆ ಬೆಂಕಿಯಾಗಿ ಎದ್ದದ್ದು 1973ರ ನವೆಂಬರಿನಲ್ಲಿ. ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಇಂಗ್ಲಿಷು ಕಲೀರಿ ಅನ್ನುವ ಮಾತಿನ ಜೊತೆಗೆ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಬೂಸಾ ಅನ್ನೋದಷ್ಟೇ ಕೆಲವರ ಕಿವಿಗೆ ಬಿತ್ತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಮಂತ್ರಿಗಿರಿ ಹೋಯಿತು. ಆ ಏಟು ತಿಂದ ಹುಡುಗರಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು, ಕನ್ನಡ ಕಾವ್ಯಕ್ಕೆ ಹೊಸ ನಾಲಿಗೆ ಬಂತು. ಕನ್ನಡವನ್ನು ಉಳಿಸುತ್ತೇವೆ ಅಂತ ಕಲ್ಲೆತ್ತಿದವರಲ್ಲಿ ಎಷ್ಟು ಮಂದಿಯ ಮಕ್ಕಳು ಆಮೇಲೆ ಕನ್ನಡ ಶಾಲೆಗೆ ಹೋದರು? ಕೇಳಿ ನೋಡಿ.

ನನಗೆ ಪಕ್ಕದಲ್ಲಿ ಕೂತು ಕಲಿಸಿದವರು ಸಿಕ್ಕಿದ್ದು ಪಿಯುಸಿಯಲ್ಲಿ, ಹಾಸ್ಟೆಲ್ಲಿನಲ್ಲಿ. ಸೀನಿಯರ್ ಅಣ್ಣ ಒಬ್ಬರು ಊಟವಾದ ಮೇಲೆ ನನ್ನ ಚಾಪೆಯ ಮೇಲೇ ಕೂತು, ನಮ್ಮ ಕೇರಿಯ ಮಾತುಗಳನ್ನೇ ಕೊಟ್ಟು ಇಂಗ್ಲಿಷಿಗೆ ಮಾಡು ಅನ್ನೋರು. ನೋಟ್‌ಬುಕ್ಕು ನನ್ನ ಕೈಯಿಂದ ಅವರ ಕೈಗೆ ಹೋದ ಮೊದಲ ದಿನ ನಾನು ಅದನ್ನು ನೆಲದ ಮೇಲಿಟ್ಟು ಕೈ ಹಿಂದಕ್ಕೆ ಎಳಕೊಂಡಿದ್ದೆ. ಅಣ್ಣ ನನ್ನ ಮುಖ ನೋಡಿದರು. ಅವರೂ ಯಾವುದೋ ಜಗಲಿ ಕೆಳಗೆ ಕೂತು ಬಂದವರೇ.

ಈಗ ನಮ್ಮ ಕೇರಿಯ ಸಮುದಾಯ ಭವನದಲ್ಲಿ ಸಂಜೆ ಏಳಕ್ಕೆ ಪಾಠ ನಡೆಯುತ್ತದೆ. ಹನ್ನೊಂದು ಮಕ್ಕಳು, ಒಂದೇ ಜಮಖಾನ. ನಾನೂ ಭಾಷಾಂತರವನ್ನೇ ಮಾಡಿಸೋದು. ಹೋದ ವಾರ ಒಬ್ಬಳು ಹುಡುಗಿ, ಅಣ್ಣಾ, ಜಗಲಿಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಕೇಳಿದಳು. ನನಗೆ ತಕ್ಷಣ ಹೊಳೆಯಲಿಲ್ಲ. ಡಿಕ್ಷನರಿ ತರಿಸಿ, ಎಲ್ಲರೂ ತಲೆ ಸೇರಿಸಿಕೊಂಡು ಹುಡುಕಿದೆವು.