ನೆಲದಡಿಯ ಹಗೇವು ಮತ್ತು ಆನಂದಪುರದ ಕಾಫಿತೋಟ

ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು. ಅಲ್ಮಂಡ ಸೋಮಯ್ಯನವರು ದೀಕ್ಷಾಸ್ನಾನ ಪಡೆದುದೂ ಅದೇ ವರ್ಷ. ಜಮ್ಮ ಭೂಮಿಯ ಒಡೆತನದಡಿ ತಲೆತಲಾಂತರದಿಂದ ಜೀತದಲ್ಲಿದ್ದು ಕ್ರೈಸ್ತರಾದ ಹೊಲೆಯ ಕುಟುಂಬಗಳಿಗಾಗಿ ಮೋಗ್ಲಿಂಗ್ ಆ ದಶಕದಲ್ಲಿಯೇ ಆನಂದಪುರವನ್ನು ನೆಲೆಗೊಳಿಸಿದರು. ಅವರ ಜೀವನಾಧಾರಕ್ಕೆ ಕಾಫಿ ಕೃಷಿಯನ್ನು ನೆಚ್ಚಿದರು. 1843ರ ಐದನೆಯ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಆಸರೆಯನ್ನು ತೆಗೆದಿತ್ತಾದರೂ ಉಳುವವನಿಗೆ ನೆಲವನ್ನು ಕೊಟ್ಟಿರಲಿಲ್ಲ.

ಈ ಕಥನವನ್ನು ನಾವು ಓದುವುದು ಮಿಷನರಿಗಳ ಬರಹಗಳಲ್ಲಿ. ದುಡಿದವರನ್ನು ಅವು ಪ್ರೀತಿಯಿಂದಲೇ ನೋಡುತ್ತವೆ, ಆದರೆ ಹೊರಗಿನಿಂದ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಪೌಲನ ದನಿಯಿದೆ, ಒನೇಸಿಮನ ದನಿಯಿಲ್ಲ.

ಇಂಥ ಮೌನದೆದುರು ಉತ್ಖನನ ಏನು ಮಾಡಬಲ್ಲದೆಂಬುದಕ್ಕೆ ಅಮೆರಿಕದ ವರ್ಜೀನಿಯದಲ್ಲಿರುವ ಥಾಮಸ್ ಜೆಫರ್‌ಸನ್ನರ ಮಾಂಟಿಚೆಲ್ಲೊ ತೋಟವನ್ನು ನೋಡಬೇಕು. ಗುಲಾಮರ ಹೆಸರು, ಅವರಿಗೆ ಅಳೆದುಕೊಟ್ಟ ಬಟ್ಟೆ, ಪಡಿ ಎಲ್ಲವನ್ನೂ ಜೆಫರ್‌ಸನ್ ತಮ್ಮ ದಫ್ತರದಲ್ಲಿ ಬರೆದಿಟ್ಟಿದ್ದರು. 1980ರ ದಶಕದಲ್ಲಿ ಅವರ ಗುಡಿಸಲುಗಳ ತಾಣವನ್ನು ಅಗೆದಾಗ ದೊರೆತದ್ದು ಬೇರೆಯೇ: ಪಿಂಗಾಣಿ ಚೂರು, ಗುಂಡಿ, ಪ್ರಾಣಿಗಳ ಎಲುಬು, ಜೊತೆಗೆ ನೆಲದಡಿ ತೋಡಿದ, ನಮ್ಮ ಹಗೇವನ್ನು ನೆನಪಿಸುವ ಕುಳಿಗಳು. ಹಳೆಯ ಮನೆಗಳಲ್ಲಿ ಅವು ಹಲವು. 18ನೆಯ ಶತಮಾನದ ಕೊನೆಯ ಚಿಕ್ಕ ಮನೆಗಳಲ್ಲಿ ಒಂದು, ಅಥವಾ ಇಲ್ಲವೇ ಇಲ್ಲ. ಪುರಾತತ್ತ್ವಜ್ಞ ಫ್ರೇಸರ್ ನೀಮನ್ ಇದಕ್ಕೆ ಕೊಡುವ ಕಾರಣ ಸರಳ. ಬಂಧುಗಳಲ್ಲದವರನ್ನು ಒಂದೇ ಸೂರಿನಡಿ ತುಂಬಿದಾಗ ಪ್ರತಿಯೊಬ್ಬರಿಗೂ ಸ್ವಂತ ಕುಳಿ ಬೇಕಾಗುತ್ತದೆ. ಯಾರು ಯಾವುದರ ಮುಚ್ಚಳ ತೆಗೆದರೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಗಂಡ, ಹೆಂಡತಿ, ಮಕ್ಕಳು ಒಂದೇ ಮನೆಯಲ್ಲಿ ಇರಲಾದಾಗ ಆ ಕಾವಲು ಬೇಡವಾಯಿತು. ಬೇರೆಡೆಯ ಇಂಥ ಕುಳಿಗಳಲ್ಲಿ ಆಫ್ರಿಕದ ಆರಾಧನೆಯ ಗುರುತು ಕಂಡವರೂ ಇದ್ದಾರೆ. ನನಗೆ ನೀಮನ್‌ರ ವಾದವೇ ಹೆಚ್ಚು ಹಿಡಿಸಿದೆ: ಒಡೆಯನ ದಫ್ತರ ತಲೆಗಳನ್ನು ಎಣಿಸಿತು, ಕುಟುಂಬವೊಂದು ಕೂಡಿಬಾಳಿದ್ದನ್ನು ಮಣ್ಣು ಹೇಳಿತು.

ಕೊಡಗಿನಲ್ಲಿಯೂ ಅಗೆತ ನಡೆದಿದೆ. 1868ರ ಸುಮಾರಿಗೆ ವಿರಾಜಪೇಟೆಯ ಬಳಿ ಬ್ರಿಟಿಷ್ ಅಧಿಕಾರಿಗಳು ಪ್ರಾಚೀನ ಕಲ್ಗೋರಿಗಳನ್ನು ತೆರೆದು ಮಡಕೆ, ಮಣಿ, ಕಬ್ಬಿಣದ ತುಣುಕುಗಳನ್ನು ಕಂಡರು. ಆಗಷ್ಟೇ ಎದ್ದಿದ್ದ ಕೂಲಿಗಳ ಲೈನುಮನೆಗಳು ಅವರಿಗೆ ಇತಿಹಾಸವಾಗಿ ತೋರಿರಲಾರವು, ಅದು ಸಹಜವೇ. ಇಂದು ನಮಗೂ ಹಾಗೆಯೇ ತೋರಿದರೆ ಅದಕ್ಕೆ ಕಾರಣ ಬೇರೆಯಿರಬೇಕು. ತೋಟದ ಧರ್ಮಕೇಂದ್ರಗಳಲ್ಲಿ ಸೇವೆಗೆ ಹೋಗುವ ಸಹೋದರರು, ಹಳೆಯ ಲೈನು ಕೆಡವುವ ದಿನ, ಒಡೆದ ಗಡಿಗೆಯ ಚೂರು ಯಾವ ಒಲೆಯ ಪಕ್ಕದಲ್ಲಿ ಸಿಕ್ಕಿತೆಂದು ಗುರುತು ಹಾಕಿಕೊಳ್ಳಲಿ. ಆ ಮನೆಯಲ್ಲಿ ಬಾಳಿದವರ ಹೆಸರುಗಳನ್ನು ದೀಕ್ಷಾಸ್ನಾನದ ದಫ್ತರದಲ್ಲಿ ಹುಡುಕಲಿ.